ಗಾರ್ಡಿಯನ್ ಕ್ಯಾಪ್: ಲೈನ್‌ಬ್ಯಾಕರ್ ತಲೆಗೆ ಇದು ಎಷ್ಟು ಕಾವಲು?

ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಟ್ರೇನಿಂಗ್ ಕ್ಯಾಂಪಿನ ಯಾವ ವಿಡಿಯೋ ತೆಗೆದರೂ ಈಗ ಮೊದಲು ಕಣ್ಣಿಗೆ ಬೀಳುವುದು ಹೆಲ್ಮೆಟ್ ಮೇಲೆ ಕೂತಿರುವ ಉಬ್ಬುಬ್ಬಾದ ಮೆತ್ತನೆಯ ಟೋಪಿ. ಹಲಸಿನಕಾಯಿಯನ್ನು ಸೀಳಿ ಅರ್ಧ ತಲೆಗೆ ಕವುಚಿದ ಹಾಗಿರುತ್ತದೆ. ಹಾಕಿಕೊಳ್ಳುವ ಆಟಗಾರರೇ ಅದನ್ನು ಆಡಿಕೊಳ್ಳುತ್ತಾರೆ. ಹೆಸರು ಗಾರ್ಡಿಯನ್ ಕ್ಯಾಪ್. ಅಮೆರಿಕದ ಜಾರ್ಜಿಯಾ ರಾಜ್ಯದ ಗಾರ್ಡಿಯನ್ ಸ್ಪೋರ್ಟ್ಸ್ ಕಂಪನಿಯ ಮಾಲು. ನೋಡಲು ಒಂದೇ ತರಹ ಕಾಣುವ ಎರಡು ಮಾಡೆಲ್‌ಗಳಿವೆ: ಎಕ್ಸ್‌ಟಿ ಮತ್ತು ಎನ್‌ಎಕ್ಸ್‌ಟಿ. ಈ ಎರಡರ ನಡುವಿನ ವ್ಯತ್ಯಾಸ ಗೊತ್ತಿಲ್ಲದೆ ಕೊಂಡವರೇ ಹೆಚ್ಚು, ಮೋಸ ಹೋಗುವುದೂ ಅಲ್ಲೇ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಎದುರಾಳಿಯನ್ನು ತಡೆಯುವ ಡಿಫೆನ್ಸ್‌ನ ಮುಂದಿನ ಸಾಲಾದ ಡಿಫೆನ್ಸಿವ್ ಲೈನ್‌ನಲ್ಲೋ ಅದರ ಹಿಂದೆ ನಿಲ್ಲುವ ಲೈನ್‌ಬ್ಯಾಕರ್ ಆಗಿಯೋ ಆಡುವ, ಮೈ ಬೆಳೆದ ಆಟಗಾರನಿಗೆ ಪ್ರಾಕ್ಟೀಸ್‌ನಲ್ಲಿ ಎನ್‌ಎಕ್ಸ್‌ಟಿ ಹಾಕುವುದು ಕೊಟ್ಟ ದುಡ್ಡಿಗೆ ಬಾಳುವ ಕೆಲಸ. ಎಕ್ಸ್‌ಟಿ ಹಾಕಿದರೆ ಕೇಡಿಲ್ಲ, ಆದರೆ ಎನ್‌ಎಫ್‌ಎಲ್ ಹೇಳುವ ಅಂಕಿಗಳನ್ನು ನಂಬಿ ಅದನ್ನು ಕೊಳ್ಳಬೇಡಿ. ಆ ಅಂಕಿಗಳು ಅದರದ್ದಲ್ಲ. ತಲೆಗೆ ಸರಿಯಾಗಿ ಕೂರದ ಹೆಲ್ಮೆಟ್ ಮೇಲೆ ಯಾವುದನ್ನು ಹಾಕಿದರೂ ಪ್ರಯೋಜನವಿಲ್ಲ.

ಡಿಫೆನ್ಸ್ ಆಟಗಾರರನ್ನೇ ಯಾಕೆ ಎತ್ತಿ ಹೇಳಬೇಕು? ಪೆಟ್ಟಿನ ಲೆಕ್ಕ ಹಾಗಿದೆ. ಕಾಲೇಜು ಆಟಗಾರರ ಹೆಲ್ಮೆಟ್ ಒಳಗೆ ಸೆನ್ಸರ್ ಇಟ್ಟು ಮಾಡಿದ ಅಧ್ಯಯನಗಳಲ್ಲಿ ಒಂದು ಸಂಗತಿ ಸ್ಪಷ್ಟವಾಗಿದೆ. ಒಂದೊಂದೇ ಪೆಟ್ಟಿನ ಜೋರು ನೋಡಿದರೆ ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗಳದ್ದು ಮೇಲು. ಎಷ್ಟು ಸಲ ಪೆಟ್ಟು ಬಿತ್ತು ಎಂದು ಎಣಿಸಿದರೆ ಲೈನ್‌ಮನ್‌ಗಳು ಮತ್ತು ಲೈನ್‌ಬ್ಯಾಕರ್‌ಗಳು ಎಲ್ಲರಿಗಿಂತ ಮುಂದೆ. ಲೈನ್‌ನ ನಡುವೆ ನಿಲ್ಲುವ ಡಿಫೆನ್ಸಿವ್ ಟ್ಯಾಕಲ್ ಪ್ರತಿ ಸ್ನ್ಯಾಪ್‌ಗೂ, ಅಂದರೆ ಚೆಂಡು ಆಟಕ್ಕೆ ಬಂದಾಗಲೆಲ್ಲ, ಎದುರಿನ ಲೈನ್‌ಮನ್ ಆದ ಗಾರ್ಡ್‌ಗೆ ಡಿಕ್ಕಿ ಹೊಡೆಯುತ್ತಾನೆ. ಟಿವಿಯಲ್ಲಿ ಅದು ಪೆಟ್ಟಿನಂತೆ ಕಾಣುವುದೇ ಇಲ್ಲ, ಯಾರೂ ಸ್ಟ್ರೆಚರ್ ತರುವುದಿಲ್ಲ. ಆದರೆ ಒಂದು ಸೀಸನ್‌ನಲ್ಲಿ ಅಂಥವು ನೂರಾರು. ಬೋಸ್ಟನ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಎದುರಾಳಿಯನ್ನು ಹಿಡಿದು ಕೆಡವುವ ಟ್ಯಾಕಲ್ ಫುಟ್‌ಬಾಲ್ ಆಡಿದ ಒಂದೊಂದು ವರ್ಷಕ್ಕೂ ಸಿಟಿಇ ಎಂಬ ಮಿದುಳಿನ ಕಾಯಿಲೆ ಇರುವ ಸಂಭವ ಸುಮಾರು 30 ಶೇಕಡ ಏರುತ್ತದೆ. 2023ರಲ್ಲಿ 631 ಮೃತ ಆಟಗಾರರ ಮಿದುಳುಗಳನ್ನು ಪರೀಕ್ಷಿಸಿದ ಇನ್ನೊಂದು ಅಧ್ಯಯನ ಬಂತು. ಡಾಕ್ಟರು ದಾಖಲಿಸಿದ ಕಂಕಶನ್‌ಗಳ (ತಲೆಗೆ ಪೆಟ್ಟು ಬಿದ್ದು ಮಿದುಳಿಗಾಗುವ ಆಘಾತ) ಎಣಿಕೆಗಿಂತ, ವರ್ಷಗಟ್ಟಲೆ ತಲೆ ತಿಂದ ಪೆಟ್ಟುಗಳ ಒಟ್ಟು ಜೋರೇ ಕಾಯಿಲೆಗೆ ಹೆಚ್ಚು ಹತ್ತಿರದ ಸೂಚನೆ ಎಂದು ಅದು ತೋರಿಸಿತು. ಅಂದರೆ ದಿನದಿನದ ಸಣ್ಣ ಪೆಟ್ಟುಗಳನ್ನು ಇಳಿಸುವ ಯಾವ ವಸ್ತುವಿಗೂ ಡಿಫೆನ್ಸ್ ಆಟಗಾರನ ವೃತ್ತಿಯಲ್ಲಿ ಬೆಲೆ ಇದೆ. ದಿನದಿನದ ಪೆಟ್ಟು ಬೀಳುವುದು ಪ್ರಾಕ್ಟೀಸ್‌ನಲ್ಲಿ.

ಲೈನ್‌ಬ್ಯಾಕರ್ ಲೂಕ್ ಕೀಕ್ಲಿಯ ವೃತ್ತಿಜೀವನವನ್ನು ಈ ಕಣ್ಣಿನಿಂದ ನೋಡಬೇಕು. ಬೋಸ್ಟನ್ ಕಾಲೇಜಿನಿಂದ ಬಂದ ಹುಡುಗನನ್ನು ಕ್ಯಾರೊಲೈನಾ ಪ್ಯಾಂಥರ್ಸ್ ಹೊಸ ಆಟಗಾರರನ್ನು ತಂಡಗಳು ಆರಿಸುವ 2012ರ ಡ್ರಾಫ್ಟ್‌ನಲ್ಲಿ ಒಂಬತ್ತನೆಯವನಾಗಿ ಆರಿಸಿತು. ಮೊದಲು ವೀಕ್‌ಸೈಡ್ ಎಂಬ ಪಕ್ಕದ ಜಾಗದಲ್ಲಿ ನಿಲ್ಲಿಸಿದರು. ಜಾನ್ ಬೀಸನ್ ಗಾಯಗೊಂಡ ಮೇಲೆ ಮಿಡಲ್ ಲೈನ್‌ಬ್ಯಾಕರ್ ಜಾಗ ಸಿಕ್ಕಿತು, ಮತ್ತೆ ಅಲ್ಲಿಂದ ಅಲುಗಾಡಲಿಲ್ಲ. ಮೊದಲ ವರ್ಷವೇ 164 ಟ್ಯಾಕಲ್, ಲೀಗ್‌ಗೇ ಮೊದಲು. ಹೊಸಬರಲ್ಲಿ ಶ್ರೇಷ್ಠನಿಗೆ ಕೊಡುವ ಆ ವರ್ಷದ ಡಿಫೆನ್ಸಿವ್ ರೂಕಿ ಪ್ರಶಸ್ತಿ, ಮುಂದಿನ ವರ್ಷ 2013ರಲ್ಲಿ ವರ್ಷದ ಡಿಫೆನ್ಸಿವ್ ಪ್ಲೇಯರ್. ಅದೇ ಡಿಸೆಂಬರ್‌ನಲ್ಲಿ ಸೇಂಟ್ಸ್ ವಿರುದ್ಧ ಒಂದೇ ಆಟದಲ್ಲಿ 24 ಟ್ಯಾಕಲ್. ಎದುರಾಳಿಯ ಆಟ ಶುರುವಾಗುವ ಮುಂಚೆಯೇ ಅದು ಯಾವ ಆಟ ಎಂದು ಕೂಗಿ ಹೇಳುತ್ತಿದ್ದ ತಲೆ ಅದು. ಆ ತಲೆಗೇ ಪೆಟ್ಟು ಬಿತ್ತು. 2015ರ ಮೊದಲ ಪಂದ್ಯದಲ್ಲೇ ಕಂಕಶನ್, ಮೂರು ಪಂದ್ಯ ಹೊರಗೆ. ಆದರೂ ಆ ಸೀಸನ್‌ನ ಪ್ಲೇಆಫ್‌ನಲ್ಲಿ ಬೆನ್ನುಬೆನ್ನಿಗೆ ಎರಡು ಪಂದ್ಯಗಳಲ್ಲಿ ಎದುರಾಳಿಯ ಎಸೆತವನ್ನೇ ಹಿಡಿದು (ಇಂಟರ್‌ಸೆಪ್ಷನ್) ಟಚ್‌ಡೌನ್‌ಗೆ ಓಡಿದ, ತಂಡ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ 50ರ ತನಕ ಹೋಯಿತು. 2016ರ ನವೆಂಬರ್‌ನಲ್ಲಿ ಮತ್ತೆ ಸೇಂಟ್ಸ್ ವಿರುದ್ಧ ಪೆಟ್ಟಾಗಿ ಅಳುತ್ತಾ ಕಾರ್ಟ್‌ನಲ್ಲಿ ಕೂತು ಮೈದಾನ ಬಿಟ್ಟ ದೃಶ್ಯ ನೋಡಿದವರು ಮರೆತಿರಲಾರರು. ಉಳಿದ ಸೀಸನ್ ಆಡಲಿಲ್ಲ. 2017ರ ಅಕ್ಟೋಬರ್‌ನಲ್ಲಿ ಈಗಲ್ಸ್ ವಿರುದ್ಧ ಮೂರನೆಯದು. 2020ರ ಜನವರಿಯಲ್ಲಿ ನಿವೃತ್ತಿ. ವಯಸ್ಸು 28. ಎಂಟು ಸೀಸನ್, 118 ಪಂದ್ಯ, ತಾರೆಯರ ಪಂದ್ಯವಾದ ಪ್ರೋ ಬೌಲ್‌ಗೆ ಏಳು ಸಲ ಆಯ್ಕೆ, ವರ್ಷದ ಶ್ರೇಷ್ಠರ ಪಟ್ಟಿಯಾದ ಆಲ್-ಪ್ರೋ ಮೊದಲ ತಂಡದಲ್ಲಿ ಐದು ಸಲ.

ಆ ನಡುವಿನ ವರ್ಷಗಳಲ್ಲಿ ಕೀಕ್ಲಿ ಕುತ್ತಿಗೆಗೆ ಕ್ಯೂ-ಕಾಲರ್ ಎಂಬ ಪಟ್ಟಿಯನ್ನೂ ಹಾಕಿಕೊಂಡಿದ್ದ. ಅದು ಬೇರೆ ದಾರಿಯ ಸಾಧನ. ಕುತ್ತಿಗೆಯ ರಕ್ತನಾಳವನ್ನು ಹಗುರವಾಗಿ ಒತ್ತಿ ತಲೆಬುರುಡೆ ಒಳಗಿನ ರಕ್ತದ ಪ್ರಮಾಣವನ್ನು ಸ್ವಲ್ಪ ಏರಿಸಿ, ಮಿದುಳು ಒಳಗೆ ಅಲುಗುವುದನ್ನು ತಗ್ಗಿಸುವುದು ಅದರ ಉದ್ದೇಶ. ಅಮೆರಿಕದ ಔಷಧ, ವೈದ್ಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದಕ್ಕೆ ಅನುಮತಿ ಕೊಟ್ಟಿದ್ದು 2021ರಲ್ಲಿ, ಆತ ಆಟ ಬಿಟ್ಟ ಮೇಲೆ. ಗಾರ್ಡಿಯನ್ ಕ್ಯಾಪ್ ಎನ್‌ಎಫ್‌ಎಲ್‌ನಲ್ಲಿ ಕಡ್ಡಾಯವಾಗಿದ್ದೂ ಆತ ಬಿಟ್ಟ ಎರಡು ವರ್ಷಕ್ಕೆ. ಕ್ಯಾಪ್ ಇದ್ದಿದ್ದರೆ ಇನ್ನೂ ನಾಲ್ಕು ವರ್ಷ ಆಡುತ್ತಿದ್ದನೇ ಎಂದು ಕೇಳುವವರಿದ್ದಾರೆ. ಆತನ ಮೂರು ಕಂಕಶನ್‌ಗಳೂ ಆಗಿದ್ದು ಪಂದ್ಯದಲ್ಲಿ, ಪ್ರಾಕ್ಟೀಸ್‌ನಲ್ಲಲ್ಲ. ಕ್ಯಾಪ್ ಹುಟ್ಟಿದ್ದು ಪ್ರಾಕ್ಟೀಸ್‌ಗೆ. ಹಾಗಾಗಿ ಅಂಥ ಮಾತನ್ನು ಜಾಹೀರಾತಿನವರಿಗೆ ಬಿಡುವುದು ಒಳ್ಳೆಯದು.

ಈಗ ವಸ್ತುವಿಗೆ ಬರೋಣ. ಕ್ಯಾಪ್ ಅಂದರೆ ಷಟ್ಕೋನದ ಸಣ್ಣ ಸಣ್ಣ ಮೆತ್ತೆಗಳ ಸಾಲು. ಪ್ರತಿ ಮೆತ್ತೆಯ ಒಳಗೆ ಫೋಮ್, ಹೊರಗೆ ನುಣುಪಾದ ಹಿಗ್ಗುವ ಬಟ್ಟೆ. ಹೆಲ್ಮೆಟ್‌ನ ಗಟ್ಟಿ ಪಾಲಿಕಾರ್ಬೊನೇಟ್ ಚಿಪ್ಪು ಇನ್ನೊಂದು ಗಟ್ಟಿ ಚಿಪ್ಪಿಗೆ ಬಡಿದಾಗ ಪೆಟ್ಟಿನ ಜೋರೆಲ್ಲ ಕೆಲವೇ ಮಿಲಿಸೆಕೆಂಡ್‌ಗಳಲ್ಲಿ ತಲೆಗೆ ಹೋಗುತ್ತದೆ. ನಡುವೆ ಮೆತ್ತೆ ಬಂದರೆ ತಲೆ ನಿಲ್ಲಲು ಸ್ವಲ್ಪ ಹೆಚ್ಚು ದೂರ, ಸ್ವಲ್ಪ ಹೆಚ್ಚು ಹೊತ್ತು ಸಿಗುತ್ತದೆ. ತುದಿಯ ಜೋರು ಇಳಿಯುವುದು ಅದಕ್ಕೇ. ಇನ್ನೊಂದು ಉಪಾಯವೂ ಇದೆ. ಕ್ಯಾಪ್ ಹೆಲ್ಮೆಟ್‌ಗೆ ಪೂರ್ತಿ ಅಂಟಿಕೊಂಡಿರುವುದಿಲ್ಲ, ಮೇಲೆ ಸಡಿಲವಾಗಿ ಕೂತಿರುತ್ತದೆ. ಓರೆಯಾಗಿ ಪೆಟ್ಟು ಬಿದ್ದಾಗ ಕ್ಯಾಪ್ ತಾನು ಜಾರಿ, ತಲೆ ತಿರುಚುವ ಬಲದಲ್ಲಿ ಒಂದಿಷ್ಟನ್ನು ತಡೆಯಬೇಕು ಎಂಬ ಲೆಕ್ಕ. ಈ ಸಡಿಲವನ್ನು ಮುಂದೆ ಜೋಡಿಸುವ ಮಾತು ಬಂದಾಗ ನೆನಪಿಡಿ.

ಎಕ್ಸ್‌ಟಿ ಹಗುರದ ಮಾಡೆಲ್, ಕಾಲು ಕಿಲೋ ಒಳಗಿನದು. ಶಾಲೆ, ಯೂತ್ ಲೀಗ್‌ಗಳಲ್ಲಿ ಓಡಾಡುವುದು ಇದೇ. ಬೆಲೆ ಸುಮಾರು 75 ಡಾಲರ್. ಎನ್‌ಎಕ್ಸ್‌ಟಿ ದಪ್ಪ, ಸುಮಾರು 340 ಗ್ರಾಂ, ಬೆಲೆ 100 ಡಾಲರ್ ದಾಟುತ್ತದೆ. ದೊಡ್ಡ ಮೈಕಟ್ಟಿನ, ಜೋರಾಗಿ ಗುದ್ದುವ ಕಾಲೇಜು ಮತ್ತು ವೃತ್ತಿಪರ ಆಟಗಾರರಿಗೆಂದು ಮಾಡಿದ್ದು. ಎನ್‌ಎಫ್‌ಎಲ್ ತಂಡಗಳು ಹಾಕುವುದು ಎನ್‌ಎಕ್ಸ್‌ಟಿ. ಫೋಟೋದಲ್ಲಿ ಎರಡೂ ಒಂದೇ ತರಹ ಕಾಣುವುದರಿಂದ ಆನ್‌ಲೈನ್‌ನಲ್ಲಿ ಆರ್ಡರ್ ಮಾಡುವಾಗ ಮಾಡೆಲ್ ಹೆಸರು ಎರಡು ಸಲ ಓದಿ.

ಈ ಮಾಡೆಲ್ ಗೊಂದಲದಿಂದಲೇ ಅಂಕಿ ಗೊಂದಲವೂ ಹುಟ್ಟಿದ್ದು. ಎನ್‌ಎಫ್‌ಎಲ್ 2022ರ ಕ್ಯಾಂಪಿನಲ್ಲಿ ಎರಡೂ ಕಡೆಯ ಲೈನ್‌ಮನ್‌ಗಳು, ಟೈಟ್ ಎಂಡ್‌ಗಳು, ಲೈನ್‌ಬ್ಯಾಕರ್‌ಗಳಿಗೆ ಎರಡನೇ ಪ್ರೀಸೀಸನ್ ಪಂದ್ಯದ ತನಕ ಕ್ಯಾಪ್ ಕಡ್ಡಾಯ ಮಾಡಿತು. 2023ರಲ್ಲಿ ರನ್ನಿಂಗ್ ಬ್ಯಾಕ್, ಫುಲ್‌ಬ್ಯಾಕ್‌ಗಳನ್ನೂ ಸೇರಿಸಿ, ಸೀಸನ್ ಉದ್ದಕ್ಕೂ ಮೈಗೆ ಮೈ ತಾಗುವ ಪ್ರಾಕ್ಟೀಸ್‌ಗಳಿಗೆಲ್ಲ ವಿಸ್ತರಿಸಿತು. 2024ರಲ್ಲಿ ವೈಡ್ ರಿಸೀವರ್, ಡಿಫೆನ್ಸಿವ್ ಬ್ಯಾಕ್‌ಗಳೂ ಬಂದರು, ಇಷ್ಟಪಟ್ಟವರು ಪಂದ್ಯದಲ್ಲೂ ಹಾಕಬಹುದು ಎಂದಾಯಿತು. ಕ್ಯಾಪ್ ಹಾಕಿದ ಸ್ಥಾನಗಳಲ್ಲಿ ಕ್ಯಾಂಪ್ ಪ್ರಾಕ್ಟೀಸ್‌ನ ಕಂಕಶನ್‌ಗಳು ಅರ್ಧಕ್ಕಿಂತ ಹೆಚ್ಚು ಇಳಿದವು ಎಂದು ಲೀಗ್ ಹೇಳಿತು. ಒಬ್ಬ ಹಾಕಿದ್ದರೆ ಪೆಟ್ಟಿನ ಜೋರು ಕನಿಷ್ಠ 10 ಶೇಕಡ, ಡಿಕ್ಕಿಯಾದ ಇಬ್ಬರೂ ಹಾಕಿದ್ದರೆ 20 ಶೇಕಡ ಕಡಿಮೆ ಎಂಬುದು ಅವರ ಲ್ಯಾಬ್ ಲೆಕ್ಕ. ಇಬ್ಬರೂ ಎಂಬ ಮಾತಿಗೆ ಗಮನ ಕೊಡಿ. ನಿಮ್ಮ ಮಗನೊಬ್ಬನೇ ಹಾಕಿ ಉಳಿದ ಹುಡುಗರು ಬರೀ ಹೆಲ್ಮೆಟ್‌ನಲ್ಲಿದ್ದರೆ ಸಿಗುವುದು ಅರ್ಧ ಲಾಭ. 2024ರ ಪ್ರೀಸೀಸನ್‌ನಲ್ಲಿ ಪ್ರಾಕ್ಟೀಸ್, ಪಂದ್ಯ ಎರಡೂ ಸೇರಿ 44 ಕಂಕಶನ್ ದಾಖಲಾದವು. 2015ರಿಂದ ಲೀಗ್ ಎಣಿಸುತ್ತಿರುವುದರಲ್ಲಿ ಅಲ್ಲಿವರೆಗಿನ ಕನಿಷ್ಠ ಅದು. ಆದರೆ ಅದೇ ಹೊತ್ತಿಗೆ ಹೆಲ್ಮೆಟ್‌ಗಳೂ ಸುಧಾರಿಸಿದವು, ನಿಯಮಗಳೂ ಬದಲಾದವು. ಎಲ್ಲ ಶ್ರೇಯಸ್ಸನ್ನೂ ಟೋಪಿಗೇ ಕಟ್ಟುವುದು ನ್ಯಾಯವಲ್ಲ.

ಶಾಲಾ ಮಟ್ಟದ ಲೆಕ್ಕ ಬೇರೆಯೇ ಇದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು 2023ರ ಸೀಸನ್‌ನಲ್ಲಿ ಆ ರಾಜ್ಯದ 64 ಹೈಸ್ಕೂಲ್‌ಗಳ 2,610 ಆಟಗಾರರನ್ನು ಗಮನಿಸಿದರು. ಪ್ರಾಕ್ಟೀಸ್‌ನಲ್ಲಿ ಎಕ್ಸ್‌ಟಿ ಹಾಕಿದವರಿಗೂ ಹಾಕದವರಿಗೂ ಕಂಕಶನ್ ಆಗುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದಕ್ಕೂ ಮುಂಚೆ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಲ್ಯಾಬ್‌ನಲ್ಲಿ ಹೆಲ್ಮೆಟ್ ಮೇಲಿನ ಇಂಥ ಹೊದಿಕೆಯನ್ನು ಪರೀಕ್ಷಿಸಿದಾಗ ಹೆಚ್ಚಿನ ಪೆಟ್ಟುಗಳ ಜೋರು ಇಳಿದದ್ದು ಕಂಡಿತು. ಅದೇ ಕೆಲಸದಲ್ಲಿ ಕೆಲವೇ ಕಾಲೇಜು ಲೈನ್‌ಬ್ಯಾಕರ್‌ಗಳಿಗೆ ಸೆನ್ಸರ್ ಇರುವ ಮೌತ್‌ಗಾರ್ಡ್ ಕೊಟ್ಟು ಮೈದಾನದಲ್ಲಿ ಅಳೆದರೆ, ಕ್ಯಾಪ್ ಹಾಕಿದ ಸೀಸನ್‌ಗೂ ಹಾಕದ ಸೀಸನ್‌ಗೂ ಎಣಿಸುವಂಥ ಫರಕು ಸಿಗಲಿಲ್ಲ. ಅದು ತೀರಾ ಸಣ್ಣ ಗುಂಪು, ಅದರ ಮೇಲೆ ತೀರ್ಮಾನ ಕಟ್ಟಲಾಗದು. ಆದರೆ ಲ್ಯಾಬ್‌ನ ಡಮ್ಮಿ ತಲೆಗೆ ಬೀಳುವ ಪೆಟ್ಟೂ ಮೈದಾನದಲ್ಲಿ ನಾನಾ ಕೋನದಿಂದ ಬೀಳುವ ಪೆಟ್ಟೂ ಒಂದಲ್ಲ ಎಂಬುದನ್ನು ಮಾರುವವರು ಹೇಳುವುದಿಲ್ಲ, ಕೊಳ್ಳುವವರು ತಿಳಿದಿರಬೇಕು.

ಇನ್ನು ಜೋಡಿಸುವ ಕ್ರಮ. ಇಲ್ಲಿ ಆತುರ ಪಟ್ಟವರೇ ಆಮೇಲೆ ಬೈಯುವುದು.

ಮೊದಲು ಹೆಲ್ಮೆಟ್. ಹುಬ್ಬಿನಿಂದ ಒಂದು ಇಂಚು ಮೇಲೆ ಟೇಪ್ ಸುತ್ತಿ ತಲೆಯ ಸುತ್ತಳತೆ ತೆಗೆದು ಸೈಜ್ ಆರಿಸಿ. ಹೆಲ್ಮೆಟ್ ಹಾಕಿದಾಗ ಮುಂದಿನ ಪ್ಯಾಡ್ ಹುಬ್ಬಿಗಿಂತ ಎರಡು ಬೆರಳು ಮೇಲಿರಬೇಕು. ಗಾಳಿ ತುಂಬುವ ಪ್ಯಾಡ್ ಇರುವ ಮಾಡೆಲ್ ಆದರೆ ಪಂಪಿನ ಸೂಜಿಗೆ ಗ್ಲಿಸರಿನ್ ಸವರಿ ತೂರಿಸಿ. ಒಣ ಸೂಜಿ ವಾಲ್ವನ್ನು ಹರಿದು ಹಾಕುತ್ತದೆ, ಆಮೇಲೆ ದಿನಾ ಗಾಳಿ ಇಳಿಯುತ್ತದೆ. ಎರಡು ಕೆನ್ನೆಯ ಜಾ ಪ್ಯಾಡ್‌ಗಳೂ ಚರ್ಮಕ್ಕೆ ತಾಗಬೇಕು. ಚಿನ್‌ಸ್ಟ್ರಾಪ್‌ನ ನಾಲ್ಕೂ ಪಟ್ಟಿ ಸಮನಾಗಿ ಬಿಗಿದಿರಬೇಕು. ಆಮೇಲೆ ಫೇಸ್‌ಮಾಸ್ಕ್ ಹಿಡಿದು ಎಡಕ್ಕೆ, ಬಲಕ್ಕೆ ತಿರುಗಿಸಿ ನೋಡಿ. ಹಣೆಯ ಚರ್ಮ ಹೆಲ್ಮೆಟ್ ಜೊತೆಗೇ ಚಲಿಸಿದರೆ ಸರಿ, ಹೆಲ್ಮೆಟ್ ಚರ್ಮದ ಮೇಲೆ ಜಾರಿದರೆ ಸೈಜ್ ದೊಡ್ಡದು. ಕೂದಲು ಕತ್ತರಿಸಿದ ಮೇಲೆ ಈ ಪರೀಕ್ಷೆ ಮತ್ತೊಮ್ಮೆ ಮಾಡಲೇಬೇಕು. ಆಗಸ್ಟ್‌ನಲ್ಲಿ ಉದ್ದ ಕೂದಲಿಗೆ ಕೂರಿಸಿದ ಹೆಲ್ಮೆಟ್ ಸೆಪ್ಟೆಂಬರ್‌ನಲ್ಲಿ ಗಲಗಲ ಅನ್ನುವುದು ಇದರಿಂದಲೇ.

ನಂತರ ಕ್ಯಾಪ್. ಇದಕ್ಕೆ ಸ್ಕ್ರೂ ಡ್ರೈವರ್ ಬೇಡ, ಸೈಜ್ ಕೂಡ ಒಂದೇ. ಮುಂದಿನ ಅಂಚನ್ನು ಹೆಲ್ಮೆಟ್‌ನ ಹಣೆಯ ಅಂಚಿಗೆ ಸಮವಾಗಿ ಇಟ್ಟು, ಮಧ್ಯದ ಗೆರೆ ಮೂಗಿನ ನೇರಕ್ಕೆ ಬರುವಂತೆ ಹಿಂದಕ್ಕೆ ಎಳೆದು ಕೂರಿಸಿ. ಎಲಾಸ್ಟಿಕ್ ಪಟ್ಟಿಗಳನ್ನು ಫೇಸ್‌ಮಾಸ್ಕ್‌ನ ಕಂಬಿಗೆ ಸುತ್ತಿ ಸ್ನ್ಯಾಪ್ ಬಟನ್ ಒತ್ತಿ; ಟಕ್ ಎಂದು ಕೇಳಿಸಬೇಕು. ಹಿಂದೆ ವೆಲ್ಕ್ರೋ ತುಂಡು ಚಿಪ್ಪಿಗೆ ಅಂಟುತ್ತದೆ. ಅದನ್ನು ಅಂಟಿಸುವ ಮುಂಚೆ ಚಿಪ್ಪನ್ನು ಸೋಪು ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಿ. ಅಂಟು ಹಿಡಿಯಲೆಂದು ಥಿನ್ನರ್, ಸ್ಪಿರಿಟ್ ಹಾಕುವವರಿದ್ದಾರೆ, ಹಾಗೆ ಮಾಡಬೇಡಿ: ಪಾಲಿಕಾರ್ಬೊನೇಟ್‌ಗೆ ಕೆಲವು ದ್ರಾವಣಗಳು ತಾಗಿದರೆ ಕಣ್ಣಿಗೆ ಕಾಣದ ಸಣ್ಣ ಬಿರುಕು ಬಿಡುತ್ತವೆ. ಎಲ್ಲ ಆದ ಮೇಲೆ ಕ್ಯಾಪನ್ನು ಅಂಗೈಯಿಂದ ಪಕ್ಕಕ್ಕೆ ತಳ್ಳಿ. ಸ್ವಲ್ಪ ಸರಿದು ತಾನಾಗಿ ವಾಪಸು ಬಂದರೆ ಸರಿಯಾಗಿದೆ. ಒಂದಿಷ್ಟೂ ಅಲುಗದಿದ್ದರೆ ಬಿಗಿ ಜಾಸ್ತಿ. ಪಟ್ಟಿಯನ್ನು ಕಂಬಿಗೆ ಎರಡು ಸುತ್ತು ಹಾಕಿರುತ್ತೀರಿ, ಒಂದು ಬಿಚ್ಚಿ. ಮೇಲೆ ಹೇಳಿದ ಸಡಿಲದ ಲಾಭ ಬಿಗಿ ಕಟ್ಟಿದರೆ ಹೋಯಿತು.

ಕೆಡುವುದು ಎಲ್ಲಿ? ಮೊದಲ ದೂರು, ಕ್ಯಾಪ್ ಮುಂದಕ್ಕೆ ಜಾರಿ ಕಣ್ಣಿನ ಮೇಲ್ಭಾಗ ಮುಚ್ಚುವುದು. ಲೈನ್‌ಬ್ಯಾಕರ್‌ಗೆ ಇದು ಸಣ್ಣ ತೊಂದರೆಯಲ್ಲ. ಸ್ನ್ಯಾಪ್‌ಗೆ ಮುಂಚೆ ಬಗ್ಗಿ ನಿಂತು ಗಾರ್ಡ್‌ಗಳ ಕೈ, ಕ್ವಾರ್ಟರ್‌ಬ್ಯಾಕ್‌ನ ಕಣ್ಣು ಓದಬೇಕಾದವನಿಗೆ ಮೇಲಿನ ಒಂದು ಇಂಚು ಮುಚ್ಚಿದರೂ, ಕಾಣಲೆಂದು ಗದ್ದ ಎತ್ತುತ್ತಾನೆ, ನಿಲುವು ಕೆಡುತ್ತದೆ. ಹತ್ತಕ್ಕೆ ಒಂಬತ್ತು ಸಲ ಕಾರಣ ಹಿಂದಿನ ವೆಲ್ಕ್ರೋ ಬಿಟ್ಟಿರುವುದು. ಕೃತಕ ಹುಲ್ಲಿನ ಮೈದಾನದ ಕಪ್ಪು ರಬ್ಬರ್ ಕಾಳು, ನೂಲು ಎಲ್ಲ ಅದರ ಹಲ್ಲಿಗೆ ಸಿಕ್ಕಿಕೊಳ್ಳುತ್ತವೆ. ವಾರಕ್ಕೊಮ್ಮೆ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ ತೆಗೆದರೆ ಮುಗಿಯಿತು.

ಎರಡನೆಯದು ಎಲಾಸ್ಟಿಕ್. ಸೀಸನ್ ನಡುವೆ ಅದು ಸೋತು ಉದ್ದವಾಗುತ್ತದೆ, ಸ್ನ್ಯಾಪ್ ಬಟನ್ ತಾನಾಗಿ ಬಿಚ್ಚಿಕೊಳ್ಳುತ್ತದೆ. ನೇತಾಡುವ ಪಟ್ಟಿಗೆ ಎದುರಾಳಿಯ ಬೆರಳು ಸಿಕ್ಕಿಕೊಂಡರೆ ಕುತ್ತಿಗೆಗೆ ಅಪಾಯ. ಟೇಪ್ ಸುತ್ತಿ ಕೆಲಸ ಸಾಗಿಸುವುದು ತರವಲ್ಲ. ಮೂರನೆಯದು ಹೊರಬಟ್ಟೆ ಹರಿಯುವುದು. ಕ್ಯಾಪಿನ ನುಣುಪೇ ಅದರ ಅರ್ಧ ಕೆಲಸ. ಬಟ್ಟೆ ಹರಿದು ಫೋಮ್ ಹೊರಗೆ ಬಂದರೆ ಎರಡು ಕ್ಯಾಪ್‌ಗಳು ಜಾರುವ ಬದಲು ಒಂದನ್ನೊಂದು ಹಿಡಿಯುತ್ತವೆ, ತಿರುಚುವ ಪೆಟ್ಟು ಇಳಿಯುವ ಬದಲು ಏರಲೂಬಹುದು. ಹೊಲಿಗೆ ಹಾಕಿ ಬಳಸುವುದು ಬೇಡ, ಬದಲಿಸಿ.

ನಾಲ್ಕನೆಯದು ಯಾರೂ ಗಮನಿಸದ್ದು, ಹೆಚ್ಚು ಅಪಾಯದ್ದೂ ಹೌದು. ಕ್ಯಾಪ್ ಹೆಲ್ಮೆಟನ್ನು ಮುಚ್ಚಿಬಿಡುತ್ತದೆ. ಚಿಪ್ಪಿನ ಬಿರುಕು, ಸಡಿಲಾದ ಫೇಸ್‌ಮಾಸ್ಕ್ ಕ್ಲಿಪ್, ಹಾಳಾದ ಸ್ಕ್ರೂ, ಯಾವುದೂ ಕೋಚ್‌ನ ಕಣ್ಣಿಗೆ ಬೀಳುವುದಿಲ್ಲ. ವಾರಕ್ಕೊಮ್ಮೆ ಕ್ಯಾಪ್ ತೆಗೆದು ಕ್ಲಿಪ್‌ಗಳ ಸುತ್ತ, ಕಿವಿ ತೂತಿನ ಅಂಚಿನಲ್ಲಿ, ಸ್ಕ್ರೂ ತೂತುಗಳಲ್ಲಿ ಉಗುರು ಆಡಿಸಿ ನೋಡಬೇಕು. ಸೀಸನ್ ಮುಗಿದ ಮೇಲೆ ಹೆಲ್ಮೆಟ್ ರೀಕಂಡೀಷನಿಂಗ್‌ಗೆ, ಅಂದರೆ ಪರೀಕ್ಷಿಸಿ ಸರಿಪಡಿಸಲು, ಹೋಗಬೇಕು, ಕ್ಯಾಪ್ ಹಾಕಿದ್ದೇವೆಂದು ಅದನ್ನು ತಪ್ಪಿಸುವ ಶಾಲೆಗಳು ಲೆಕ್ಕ ತಪ್ಪುತ್ತಿವೆ. ಹತ್ತು ವರ್ಷ ದಾಟಿದ ಹೆಲ್ಮೆಟನ್ನು ಅಮೆರಿಕದ ರೀಕಂಡೀಷನಿಂಗ್ ಸಂಘದವರು ಮುಟ್ಟುವುದೇ ಇಲ್ಲ. ಅಂಥ ಹೆಲ್ಮೆಟ್‌ಗೆ ಹೊಸ ಕ್ಯಾಪ್ ಕೊಂಡು ಹಾಕುವುದು ದುಡ್ಡು ದಂಡ. ಇನ್ನೊಂದು ಕಾಗದದ ವಿಷಯ: ಹೆಲ್ಮೆಟ್ ಮೇಲೆ ಹೊರಗಿನ ವಸ್ತು ಹಾಕಿದರೆ ಸರ್ಟಿಫಿಕೇಷನ್, ವಾರಂಟಿ ಉಳಿಯುತ್ತದೆಯೇ ಎಂಬುದನ್ನು ಹೆಲ್ಮೆಟ್ ತಯಾರಿಸಿದವರ ಮಾತಿಗೆ ಬಿಡಲಾಗಿದೆ. ನಿಮ್ಮ ಮಾಡೆಲ್‌ನ ಪುಸ್ತಿಕೆ ನೋಡಿ, ಇಲ್ಲವೇ ಕಂಪನಿಗೆ ಬರೆದು ಕೇಳಿ ಉತ್ತರ ಇಟ್ಟುಕೊಳ್ಳಿ.

ತೂಕದ ಬಗ್ಗೆ ಎರಡು ಮಾತು. ಎರಡು ಕಿಲೋ ದಾಟುವ ಹೆಲ್ಮೆಟ್ ಮೇಲೆ 340 ಗ್ರಾಂ ಸೇರಿದರೆ, ವೃತ್ತಿಪರ ಲೈನ್‌ಮನ್‌ನ ಕುತ್ತಿಗೆಗೆ ಅದು ಲೆಕ್ಕಕ್ಕಿಲ್ಲ. ಹನ್ನೆರಡು ವರ್ಷದ, ಕುತ್ತಿಗೆ ಇನ್ನೂ ತೆಳುವಾಗಿರುವ ಹುಡುಗನಿಗೆ ಲೆಕ್ಕವಿದೆ. ಬೀಳುವಾಗ ತಲೆಯನ್ನು ನೆಲಕ್ಕೆ ಬಡಿಯದಂತೆ ಎತ್ತಿ ಹಿಡಿಯಲು ಬೇಕಾದದ್ದೇ ಕುತ್ತಿಗೆಯ ಬಲ. ಆ ವಯಸ್ಸಿಗೆ ಎನ್‌ಎಕ್ಸ್‌ಟಿ ಬೇಡವೆಂದೇ ಹೇಳುತ್ತೇವೆ. ಬಿಸಿಲಿಗೆ ಕಪ್ಪು, ಕಡುನೀಲಿ ಬಣ್ಣದ ಕ್ಯಾಪ್ ಬೇಡ, ಬಿಳಿ ಅಥವಾ ತಿಳಿ ಬಣ್ಣ ತಗೊಳ್ಳಿ. ತಂಡದ ಬಣ್ಣಕ್ಕೆ ಹೊಂದಬೇಕೆಂಬ ಹಟ ಇದ್ದರೆ ಮೇಲಿಂದ ತೊಡಿಸುವ ಲೋಗೋ ಇರುವ ಹೊದಿಕೆಗಳು ಸಿಗುತ್ತವೆ. ಎನ್‌ಎಫ್‌ಎಲ್ ಪಂದ್ಯಗಳಲ್ಲಿ ಅದನ್ನೇ ಕಾಣುತ್ತೀರಿ.

ತೊಳೆಯುವುದು ಸುಲಭ. ಉಗುರು ಬೆಚ್ಚಗಿನ ನೀರು, ಸ್ವಲ್ಪ ಸೋಪು, ಕೈಯಲ್ಲೇ ಒತ್ತಿ ತೊಳೆದು ನೆರಳಿನಲ್ಲಿ ಗಾಳಿಗೆ ಒಣಗಿಸಿ. ಡ್ರೈಯರ್‌ಗೆ ಹಾಕಿದರೆ ಶಾಖಕ್ಕೆ ಫೋಮ್, ಎಲಾಸ್ಟಿಕ್ ಎರಡೂ ಹಾಳು. ಒದ್ದೆ ಕ್ಯಾಪನ್ನು ಹೆಲ್ಮೆಟ್ ಸಮೇತ ಬ್ಯಾಗಿನಲ್ಲಿ ತುರುಕಿ ಕಾರಿನ ಡಿಕ್ಕಿಯಲ್ಲಿ ಬಿಟ್ಟರೆ ಮರುದಿನದ ವಾಸನೆ ಸಾಕು, ಹುಡುಗನೇ ಹಾಕಲು ಒಪ್ಪುವುದಿಲ್ಲ.

ಮಿಡಲ್ ಲೈನ್‌ಬ್ಯಾಕರ್ ಆಗಿ ಆಟ ಕೂಗುವವರಿಗೆ ಒಂದು ಅನುಮಾನ ಇರುತ್ತದೆ: ಕಿವಿಗೆ ಅಡ್ಡ ಬರುತ್ತದೆಯೇ? ಕಿವಿಯ ತೂತುಗಳನ್ನು ಕ್ಯಾಪ್ ಮುಚ್ಚುವುದಿಲ್ಲ, ಪಕ್ಕದವನ ಕೂಗು ಕೇಳಿಸುತ್ತದೆ. ಎನ್‌ಎಫ್‌ಎಲ್‌ನಲ್ಲಿ 2008ರಿಂದ ಡಿಫೆನ್ಸ್‌ನ ಒಬ್ಬ ಆಟಗಾರನ ಹೆಲ್ಮೆಟ್‌ನಲ್ಲಿ ರೇಡಿಯೋ ಸ್ಪೀಕರ್ ಇರುತ್ತದೆ. ಗುರುತಿಗೆ ಹೆಲ್ಮೆಟ್ ಹಿಂದೆ ಹಸಿರು ಚುಕ್ಕೆ. ಮುಂದಿನ ಸ್ನ್ಯಾಪ್‌ಗೆ ಉಳಿದ ಹೊತ್ತು ಎಣಿಸುವ ಪ್ಲೇ ಕ್ಲಾಕ್‌ನಲ್ಲಿ 15 ಸೆಕೆಂಡ್ ಉಳಿದಾಗ ಕೋಚ್‌ನ ದನಿ ಕಡಿದುಹೋಗುತ್ತದೆ, ಅಷ್ಟರೊಳಗೆ ಕೇಳಿಸಿಕೊಂಡು ಹತ್ತು ಜನರಿಗೆ ದಾಟಿಸಬೇಕು. ಸ್ಪೀಕರ್ ಇರುವುದು ಒಳಗೆ, ಕ್ಯಾಪ್ ಕೂರುವುದು ಹೊರಗೆ, ಹಾಗಾಗಿ ಒಂದಕ್ಕೊಂದು ತೊಡಕಿಲ್ಲ. ಕಣ್ಣಿನ ವೈಸರ್ ಹಾಕುವವರು ಮಾತ್ರ ಮೇಲಿನ ಪಟ್ಟಿಯೂ ವೈಸರ್ ಕ್ಲಿಪ್ಪೂ ಒಂದೇ ಕಂಬಿಯಲ್ಲಿ ಜಗಳಾಡದಂತೆ ಪಟ್ಟಿಯನ್ನು ಅರ್ಧ ಇಂಚು ಪಕ್ಕಕ್ಕೆ ಕಟ್ಟಬೇಕು.

ಬದಲಿ ಏನಿದೆ? ಎನ್‌ಎಫ್‌ಎಲ್ 2024ರಲ್ಲಿ ಒಂದು ಬಾಗಿಲು ತೆರೆದಿಟ್ಟಿತು. ಹೊಸ ಹೆಲ್ಮೆಟ್‌ಗಳಲ್ಲಿ ಆರು ಮಾಡೆಲ್‌ಗಳು ಕ್ಯಾಪ್ ಹಾಕಿದಷ್ಟೇ, ಇಲ್ಲವೇ ಅದಕ್ಕಿಂತ ಹೆಚ್ಚು ಕಾಯುತ್ತವೆ, ಅವನ್ನು ಹಾಕಿದವರಿಗೆ ಕ್ಯಾಪ್ ಬೇಡ ಎಂದಿತು. ಹಾಗಾದರೆ ಹಳೆಯ ಹೆಲ್ಮೆಟ್ ಇಟ್ಟುಕೊಂಡು ಕ್ಯಾಪ್ ಕೊಳ್ಳುವುದಕ್ಕಿಂತ ಆ ದುಡ್ಡು ಹೊಸ ಹೆಲ್ಮೆಟ್‌ಗೆ ಹಾಕುವುದು ಜಾಣತನವಲ್ಲವೇ? ಕೈಯಲ್ಲಿ ದುಡ್ಡಿದ್ದರೆ ಹೌದು. ವರ್ಜೀನಿಯಾ ಟೆಕ್‌ನ ಹೆಲ್ಮೆಟ್ ಲ್ಯಾಬ್ ಪ್ರತಿ ಮಾಡೆಲ್‌ಗೂ ಸ್ಟಾರ್ ಕೊಟ್ಟು ಪಟ್ಟಿ ಹಾಕುತ್ತದೆ, ಯಾರು ಬೇಕಾದರೂ ನೋಡಬಹುದು. ನಿಮ್ಮ ಹುಡುಗನ ಹೆಲ್ಮೆಟ್ ಆ ಪಟ್ಟಿಯ ಕೆಳಗಿದ್ದರೆ ಮೊದಲು ಅದನ್ನು ಬದಲಿಸಿ. ಲೈನ್‌ಮನ್‌ಗಳಿಗೆಂದೇ ಹಣೆಯ ಭಾಗದಲ್ಲಿ ಹೆಚ್ಚಿನ ಮೆತ್ತೆ ಇಟ್ಟ ವೈಸಿಸ್‌ನ ಟ್ರೆಂಚ್ ಮಾಡೆಲ್ ಬಂದಿದೆ. ಸ್ಥಾನಕ್ಕೆ ತಕ್ಕ ಹೆಲ್ಮೆಟ್ ಎಂಬ ಈ ದಾರಿ ಕ್ಯಾಪ್‌ಗಿಂತ ದೂರ ಹೋಗುತ್ತದೆ ಎಂಬುದು ನಮ್ಮ ಅನಿಸಿಕೆ. ಆದರೆ ಶಾಲೆಯ ಅರವತ್ತು ಹುಡುಗರಿಗೆ ಹೊಸ ಹೆಲ್ಮೆಟ್ ಕೊಡಿಸುವ ಬಜೆಟ್ ಎಲ್ಲರಿಗೂ ಇರುವುದಿಲ್ಲ, ಕ್ಯಾಪ್ ಅಲ್ಲಿ ಉಳಿಯುತ್ತದೆ.

ದುಡ್ಡೇ ಬೇಡದ ಉಪಾಯವೂ ಇದೆ, ಅದೇ ಎಲ್ಲಕ್ಕಿಂತ ದೊಡ್ಡದು: ಪ್ರಾಕ್ಟೀಸ್‌ನಲ್ಲಿ ಡಿಕ್ಕಿಯನ್ನೇ ಕಡಿಮೆ ಮಾಡುವುದು. ಎನ್‌ಎಫ್‌ಎಲ್ ಆಟಗಾರರ ಸಂಘದ ಜೊತೆಗಿನ 2011ರ ಒಪ್ಪಂದದಲ್ಲೇ ಇಡೀ ರೆಗ್ಯುಲರ್ ಸೀಸನ್‌ಗೆ ಪ್ಯಾಡ್ ಹಾಕಿ ಮಾಡುವ ಪ್ರಾಕ್ಟೀಸ್ 14 ಮಾತ್ರ ಎಂದು ಕಟ್ಟಿತು. ಅಂದರೆ ಕ್ಯಾಪ್ ಬರುವ ಎಷ್ಟೋ ವರ್ಷ ಮುಂಚೆಯೇ ವೃತ್ತಿಪರರು ವಾರದ ನಡುವೆ ಗುದ್ದಾಡುವುದನ್ನು ಇಳಿಸಿದ್ದರು. ತಲೆ ತಗ್ಗಿಸಿ ಹೆಲ್ಮೆಟ್‌ನಿಂದ ಗುದ್ದಿದರೆ 2018ರಿಂದ 15 ಯಾರ್ಡ್ ದಂಡ. ಪೀಟ್ ಕ್ಯಾರಲ್ ಕೋಚ್ ಆಗಿದ್ದಾಗ ಸಿಯಾಟಲ್ ಸೀಹಾಕ್ಸ್ 2014ರಲ್ಲಿ ರಗ್ಬಿ ಶೈಲಿಯ ಭುಜದ ಟ್ಯಾಕಲ್ ಕಲಿಸುವ ವಿಡಿಯೋ ಹೊರಬಿಟ್ಟಿತು: ಕಣ್ಣು ಎದುರಾಳಿಯ ತೊಡೆಯ ಮೇಲೆ, ಭುಜ ತೊಡೆಗೆ, ಎರಡೂ ಕೈ ಸುತ್ತಿ ಬಿಗಿದು ಕಾಲು ಓಡಿಸುವುದು, ತಲೆ ಪಕ್ಕಕ್ಕೆ. ಕ್ಯಾಪ್ ಹಾಕಿದ ಹುಡುಗನಿಗೆ ಇದನ್ನು ಇನ್ನೂ ಒತ್ತಿ ಹೇಳಬೇಕು. ಮೆತ್ತೆ ಇದೆ, ನೋವಾಗುವುದಿಲ್ಲ ಎಂಬ ಧೈರ್ಯದಲ್ಲಿ ತಲೆಯನ್ನೇ ಮುಂದೆ ಹಾಕಿ ಗುದ್ದುವ ಅಭ್ಯಾಸ ಬಂದರೆ, ಪಂದ್ಯದ ದಿನ ಕ್ಯಾಪ್ ತೆಗೆದ ಮೇಲೂ ಅದೇ ಅಭ್ಯಾಸ ಮುಂದುವರಿಯುತ್ತದೆ.

ಯಾರು ಕೊಳ್ಳಬೇಕು ಎಂಬುದು ಈಗ ಸುಲಭ. ಡಲ್ಲಾಸ್, ಅಟ್ಲಾಂಟಾ ಕಡೆಯ ನಮ್ಮ ಕನ್ನಡದ ಮನೆಗಳಲ್ಲಿ ಮಗ ಹೈಸ್ಕೂಲ್‌ನ ಮುಖ್ಯ ತಂಡವಾದ ವಾರ್ಸಿಟಿಯಲ್ಲಿ ಡಿಫೆನ್ಸಿವ್ ಎಂಡ್, ಟ್ಯಾಕಲ್ ಅಥವಾ ಲೈನ್‌ಬ್ಯಾಕರ್ ಆಗಿ ಆಡುತ್ತಿದ್ದರೆ, ಮೊದಲು ತಂಡಕ್ಕೆ ಹಣ ಕೂಡಿಸುವ ಪೋಷಕರ ಬೂಸ್ಟರ್ ಕ್ಲಬ್ ಸಭೆಯಲ್ಲಿ ಇಡೀ ತಂಡಕ್ಕೆ ಕ್ಯಾಪ್ ತರಿಸುವ ಮಾತೆತ್ತಿ. ಒಬ್ಬನಿಗಿಂತ ಇಬ್ಬರು ಹಾಕಿದಾಗಲೇ ಲಾಭ. ಮೈ ಬೆಳೆದ ಹುಡುಗರಿಗೆ ಎನ್‌ಎಕ್ಸ್‌ಟಿ ಕೇಳಿ. ಪಂದ್ಯದಲ್ಲಿ ಹಾಕಲು ಬಿಡುತ್ತಾರೆಯೇ ಎಂಬುದನ್ನು ರಾಜ್ಯದ ಶಾಲಾ ಕ್ರೀಡಾ ಸಂಸ್ಥೆಯ ನಿಯಮ ನೋಡಿ, ಕೋಚ್ ಬಳಿ ಖಚಿತ ಮಾಡಿಕೊಳ್ಳಿ. ಕಿಕ್ಕರ್, ಪಂಟರ್‌ಗೆ ಇದು ಬೇಕಾಗಿಲ್ಲ. ಫ್ಲ್ಯಾಗ್ ಫುಟ್‌ಬಾಲ್ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಬರುತ್ತಿರುವುದರಿಂದ ಭಾರತದಲ್ಲೂ ವಿಚಾರಿಸುವವರಿದ್ದಾರೆ. ಅಲ್ಲಿ ಟ್ಯಾಕಲ್ಲೂ ಇಲ್ಲ, ಹೆಲ್ಮೆಟ್ಟೂ ಇಲ್ಲ, ಈ ಕ್ಯಾಪ್ ತರಿಸಿ ಹಾಕಲು ಜಾಗವೇ ಇಲ್ಲ.

ಒಮ್ಮೆ ಕಂಕಶನ್ ಆದ ಹುಡುಗನನ್ನು ಬೇಗ ಮೈದಾನಕ್ಕೆ ಇಳಿಸಲು ಇದನ್ನು ಕೊಳ್ಳಬೇಡಿ. ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಶಾಲಾ ಆಟಗಾರರ ಕಂಕಶನ್ ಬಗ್ಗೆ ಕಾನೂನಿದೆ. ಅನುಮಾನ ಬಂದ ಕೂಡಲೇ ಆಟದಿಂದ ತೆಗೆಯಬೇಕು, ವೈದ್ಯಕೀಯ ಒಪ್ಪಿಗೆ ಸಿಕ್ಕ ಮೇಲೆಯೇ ವಾಪಸು. ತಲೆನೋವು, ಬೆಳಕು ಕಂಡರೆ ಕಣ್ಣು ಕುಕ್ಕುವುದು, ಓದಿದ್ದು ತಲೆಗೆ ಹೋಗದಿರುವುದು, ರಾತ್ರಿ ನಿದ್ದೆ ಬಾರದಿರುವುದು, ಇವುಗಳಲ್ಲಿ ಒಂದು ಉಳಿದಿದ್ದರೂ ಕ್ಯಾಪ್ ಸಮೇತ ಪ್ರಾಕ್ಟೀಸ್‌ಗೆ ಕಳಿಸಕೂಡದು.

ಕ್ಯಾಂಪ್‌ಗಳು ಆಗಸ್ಟ್ ಸುಮಾರಿಗೆ ಶುರು. ತಂಡದ ಆರ್ಡರ್ ಆದರೆ ಜೂನ್‌ನಲ್ಲೇ ಹಾಕಿ. ಪೆಟ್ಟಿಗೆ ಬಂದ ದಿನ ಪ್ರತಿ ಕ್ಯಾಪಿನ ಒಳಗಿನ ಲೇಬಲ್ ನೋಡಿ ಮಾಡೆಲ್ ತಾಳೆ ಹಾಕಿ, ಸ್ನ್ಯಾಪ್‌ಗಳನ್ನೆಲ್ಲ ಒಂದೊಂದು ಸಲ ಒತ್ತಿ ನೋಡಿ, ಕೆಟ್ಟದ್ದನ್ನು ಆಗಲೇ ವಾಪಸು ಕಳಿಸಿ. ಹಳೆಯದು ಸೆಕೆಂಡ್ ಹ್ಯಾಂಡ್ ಸಿಗುತ್ತದೆ ಎಂದರೆ ಷಟ್ಕೋನದ ಮೆತ್ತೆಗಳನ್ನು ಹೆಬ್ಬೆರಳಿನಿಂದ ಒತ್ತಿ ಬಿಡಿ. ತಕ್ಷಣ ಉಬ್ಬಿ ಬರದೆ ತಗ್ಗು ಉಳಿದರೆ ಫೋಮ್ ಸತ್ತಿದೆ, ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ.